ನೂರಕ್ಕೆ ಎಷ್ಟು, ವರ್ಷಕ್ಕೆ ಎಷ್ಟು?

ಕೈಸಾಲ ಕೊಡುವವರು ನಮ್ಮಲ್ಲಿ ಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ಹೇಳುತ್ತಾರೆ: ಎರಡು ರೂಪಾಯಿ ಬಡ್ಡಿ, ಮೂರು ರೂಪಾಯಿ ಬಡ್ಡಿ. ಬ್ಯಾಂಕಿನವರು ವರ್ಷದ ಲೆಕ್ಕ ಹೇಳುತ್ತಾರೆ. ಗಾಡಿ ಸಾಲ ಕೊಡುವ ಫೈನಾನ್ಸ್‌ನವರು ಫ್ಲಾಟ್ ರೇಟ್ ಅನ್ನುತ್ತಾರೆ. ಮೊಬೈಲ್ ಅಂಗಡಿಯಲ್ಲಿ ಬಡ್ಡಿಯೇ ಇಲ್ಲ ಎಂಬ ಫಲಕ ಇರುತ್ತದೆ. ಚೀಟಿ ನಡೆಸುವವರು ಬಡ್ಡಿಯ ಮಾತನ್ನೇ ಎತ್ತುವುದಿಲ್ಲ. ಪಾಲಿಸಿ ಮಾಡಿಸಲು ಬಂದವರು, ಇಪ್ಪತ್ತು ವರ್ಷ ಕಟ್ಟಿದರೆ ಹೆಚ್ಚುಕಡಿಮೆ ಎರಡರಷ್ಟು ಬರುತ್ತದೆ ಎಂದು ಹೇಳಿ ಕಾಗದ ಮುಂದಿಡುತ್ತಾರೆ.

ಒಬ್ಬೊಬ್ಬರ ಅಳತೆ ಒಂದೊಂದು ಥರ. ಹೀಗಾಗಿ ಯಾವುದು ಅಗ್ಗ, ಯಾವುದು ದುಬಾರಿ ಎಂದು ಹೋಲಿಸಲು ಆಗದೆ, ಪರಿಚಯ ಇದ್ದವರ ಮಾತಿಗೆ ಅಥವಾ ತಿಂಗಳ ಕಂತು ಕಡಿಮೆ ಕಂಡ ಕಡೆಗೆ ಜನ ವಾಲುತ್ತಾರೆ. ದುಡ್ಡಿನ ಬಗ್ಗೆ ಯಾವ ಸಲಹೆ ಕೇಳುವ ಮೊದಲೂ ಕಲಿಯಬೇಕಾದದ್ದು ಒಂದೇ ಲೆಕ್ಕ: ಎದುರಿಗೆ ಬಂದ ಯಾವುದೇ ವ್ಯವಹಾರವನ್ನು ‘ನೂರು ರೂಪಾಯಿಗೆ, ಒಂದು ವರ್ಷಕ್ಕೆ, ಎಷ್ಟು’ ಎಂಬ ಅಳತೆಗೆ ತಂದುಕೊಳ್ಳುವುದು. ಎರಡು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇ 24. ಮೂರು ರೂಪಾಯಿ ಎಂದರೆ ಶೇ 36. ಇದು ಸುಲಭ. ಉಳಿದವನ್ನು ಬಿಡಿಸಿ ನೋಡಬೇಕು.

ಕಂತಿನೊಳಗಿನ ಬಡ್ಡಿ

ಒಂದು ಲಕ್ಷ ರೂಪಾಯಿ ಸಾಲ, ಒಂದು ವರ್ಷದ ಅವಧಿ, ಶೇ 12 ಫ್ಲಾಟ್ ಎಂದಿಟ್ಟುಕೊಳ್ಳಿ. ಬಡ್ಡಿ 12,000 ರೂಪಾಯಿ. ಒಟ್ಟು 1,12,000 ರೂಪಾಯಿಯನ್ನು ಹನ್ನೆರಡು ಭಾಗ ಮಾಡಿದರೆ ತಿಂಗಳಿಗೆ 9,333 ರೂಪಾಯಿ ಕಂತು. ಕೇಳಲು ಇದು ಒಂದು ರೂಪಾಯಿ ಬಡ್ಡಿಯಂತೆಯೇ ಇದೆ. ಆದರೆ ಆ ಒಂದು ಲಕ್ಷ ವರ್ಷಪೂರ್ತಿ ನಿಮ್ಮ ಕೈಯಲ್ಲಿ ಇರುವುದಿಲ್ಲ. ಮೊದಲ ತಿಂಗಳಿನಿಂದಲೇ ಅಸಲು ವಾಪಸ್ ಹೋಗುತ್ತಿರುತ್ತದೆ. ಆರನೇ ತಿಂಗಳು ಮುಗಿಯುವ ಹೊತ್ತಿಗೆ ಹೆಚ್ಚುಕಡಿಮೆ ಅರ್ಧದಷ್ಟೇ ಸಾಲ ಉಳಿದಿರುತ್ತದೆ. ಬಡ್ಡಿ ಮಾತ್ರ ಕೊನೆಯ ಕಂತಿನವರೆಗೂ ಪೂರ್ತಿ ಲಕ್ಷಕ್ಕೇ. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಬ್ಯಾಂಕಿನ ಪದ್ಧತಿಗೆ ತಂದು ನೋಡಿದರೆ ಈ ಸಾಲದ ನಿಜವಾದ ದರ ವರ್ಷಕ್ಕೆ ಸುಮಾರು ಶೇ 21.5.

ಕಾಗದದ ಮೇಲೆ ಅಂದಾಜು ಮಾಡಲು ಒಂದು ದಾರಿ ಇದೆ. ಒಂದೆರಡು ವರ್ಷದ ಸಾಲವಾದರೆ ಫ್ಲಾಟ್ ದರವನ್ನು 1.8ರಿಂದ ಗುಣಿಸಿ, ಬರುವ ಅಂಕಿ ನಿಜದ ದರಕ್ಕೆ ಹತ್ತಿರ ಇರುತ್ತದೆ. ನಿಖರವಾಗಿ ಬೇಕೆಂದರೆ ಫೋನಿನಲ್ಲೇ ಗೂಗಲ್ ಶೀಟ್ಸ್ ಅಥವಾ ಎಕ್ಸೆಲ್ ತೆರೆದು ‘ರೇಟ್’ ಎಂಬ ಸೂತ್ರ ಬಳಸಿ. ಅದಕ್ಕೆ ಮೂರು ಅಂಕಿ ಸಾಕು: ಎಷ್ಟು ಕಂತು, ಕಂತಿನ ಮೊತ್ತ (ಮುಂದೆ ಕಳೆಯುವ ಚಿಹ್ನೆ ಹಾಕಿ), ಕೈಗೆ ಬಂದ ಹಣ. ಬರುವ ಉತ್ತರವನ್ನು ಹನ್ನೆರಡರಿಂದ ಗುಣಿಸಿದರೆ ವರ್ಷದ ದರ. ‘ಕೈಗೆ ಬಂದ ಹಣ’ ಎಂದದ್ದನ್ನು ಗಮನಿಸಿ. ಒಂದು ಲಕ್ಷ ಸಾಲ ಮಂಜೂರಾಗಿ, ಪ್ರೊಸೆಸಿಂಗ್ ಶುಲ್ಕ, ವಿಮೆ, ದಾಖಲೆ ಶುಲ್ಕ ಎಂದು 4,000 ಹಿಡಿದು 96,000 ಕೊಟ್ಟರೆ ನೀವು ಸೂತ್ರಕ್ಕೆ ಹಾಕಬೇಕಾದದ್ದು 96,000.

ಈ ಲೆಕ್ಕವನ್ನು ಸಾಲ ಕೊಡುವವರೇ ಮಾಡಿ ಬರೆದುಕೊಡಬೇಕು ಎಂಬ ನಿಯಮ ಈಗ ಇದೆ. 2024ರ ಅಕ್ಟೋಬರ್ 1ರಿಂದ ಬ್ಯಾಂಕ್‌ಗಳು ಮತ್ತು ನೋಂದಾಯಿತ ಫೈನಾನ್ಸ್ ಕಂಪನಿಗಳು ಹೊಸದಾಗಿ ಕೊಡುವ ವೈಯಕ್ತಿಕ ಹಾಗೂ ಸಣ್ಣ ಉದ್ಯಮದ ಸಾಲಗಳಿಗೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಹಾಳೆ ಕೊಡುವುದನ್ನು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಎಲ್ಲ ಶುಲ್ಕವನ್ನೂ ಸೇರಿಸಿದ ವಾರ್ಷಿಕ ದರ, ಅಂದರೆ ಎಪಿಆರ್, ಅದರಲ್ಲಿ ಇರಬೇಕು. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಎಂದೂ ನಿಯಮ ಹೇಳುತ್ತದೆ. ಕನ್ನಡದಲ್ಲಿ ಕೊಡಿ ಎಂದು ಕೇಳಿ. ಅದು ನಿಮ್ಮ ಹಕ್ಕು. ಸಹಿ ಹಾಕುವ ಮೊದಲು ಆ ಒಂದು ಹಾಳೆಯನ್ನಾದರೂ ಮನೆಗೆ ತಂದು, ಮನೆಯವರ ಮುಂದಿಟ್ಟು ಓದಿ. ಹಾಳೆ ಕೊಡಲು ತಡಮಾಡುವವರ ಹತ್ತಿರ ಸಾಲ ತೆಗೆದುಕೊಳ್ಳದಿರುವುದೇ ಒಳ್ಳೆಯದು.

ಇನ್ನು ‘ಬಡ್ಡಿ ಇಲ್ಲದ ಕಂತು’. 24,000 ರೂಪಾಯಿಯ ಫೋನು, ಆರು ತಿಂಗಳು, ತಿಂಗಳಿಗೆ 4,000. ಬಡ್ಡಿ ಎಲ್ಲಿದೆ? ಅದೇ ಫೋನಿಗೆ ಪೂರ್ತಿ ದುಡ್ಡು ಈಗಲೇ ಕೊಟ್ಟರೆ ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿ. 22,000ಕ್ಕೆ ಕೊಡುತ್ತೇವೆ ಎಂದರೆ, ನೀವು 22,000 ಸಾಲ ಪಡೆದು 24,000 ತೀರಿಸುತ್ತಿದ್ದೀರಿ. ಅದು ತಿಂಗಳಿಗೆ ಎರಡೂವರೆ ರೂಪಾಯಿ ಬಡ್ಡಿ, ವರ್ಷಕ್ಕೆ ಶೇ 30. ನಗದು ಬೆಲೆಯೂ 24,000ವೇ ಆಗಿದ್ದು ಬೇರೆ ಶುಲ್ಕ ಇಲ್ಲದಿದ್ದರೆ ಮಾತ್ರ ಆ ಕಂತು ನಿಜಕ್ಕೂ ಬಡ್ಡಿ ಇಲ್ಲದ್ದು. ಆಗ ಧೈರ್ಯವಾಗಿ ತೆಗೆದುಕೊಳ್ಳಬಹುದು.

ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ ‘ಕನಿಷ್ಠ ಪಾವತಿ’ ಎಂಬ ಸಾಲು ಇರುತ್ತದೆ, ಸಾಮಾನ್ಯವಾಗಿ ಬಾಕಿಯ ಶೇ 5. ಬಾಕಿ 50,000 ಇದ್ದರೆ 2,500 ಕಟ್ಟಿದರಾಯಿತು ಎಂದು ಅನಿಸುತ್ತದೆ. ತಿಂಗಳಿಗೆ ಶೇ 3.5ರಂತೆ ಬಡ್ಡಿ 1,750, ಅದರ ಮೇಲೆ ಶೇ 18ರ ಜಿಎಸ್‌ಟಿ 315. ನೀವು ಕಟ್ಟಿದ 2,500ರಲ್ಲಿ ಸಾಲಕ್ಕೆ ಸಂದದ್ದು 435 ರೂಪಾಯಿ. ಮೇಲಾಗಿ, ಹಿಂದಿನ ಬಾಕಿ ಪೂರ್ತಿ ತೀರುವವರೆಗೆ ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಹಾಲು ಮೊಸರು ಕೊಂಡರೂ ಅಂದಿನಿಂದಲೇ ಬಡ್ಡಿ. ವರ್ಷಕ್ಕೆ ಶೇ 42 ಎಂದರೆ ಊರಿನ ಬಡ್ಡಿ ವ್ಯಾಪಾರಿಯ ಮೂರೂವರೆ ರೂಪಾಯಿ ಬಡ್ಡಿ. ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟುವವರಿಗೆ ಕಾರ್ಡು ಒಳ್ಳೆಯ ಅನುಕೂಲ. ಹಾಗೆ ಕಟ್ಟಲು ಆಗದವರು ಬೇರೆ ಕಡೆ ಅಗ್ಗದ ಸಾಲ ಪಡೆದಾದರೂ ಅದನ್ನು ಮೊದಲು ತೀರಿಸಬೇಕು.

ಚೀಟಿಯ ಲೆಕ್ಕ

ಚೀಟಿಯನ್ನು ಕೆಟ್ಟದು ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಸಂಬಳದ ಚೀಟಿ ಇಲ್ಲದವರಿಗೆ, ಬ್ಯಾಂಕು ಸಾಲ ಕೊಡದವರಿಗೆ, ಮಗಳ ಮದುವೆಯನ್ನೋ ಅಂಗಡಿಯ ಮುಂಗಡವನ್ನೋ ನಡೆಸಿಕೊಟ್ಟದ್ದು ಚೀಟಿಯೇ. ಆದರೆ ಅದರ ಲೆಕ್ಕ ಮಾಡಿ ನೋಡಿದವರು ತೀರ ಕಡಿಮೆ. ಒಂದು ಉದಾಹರಣೆ ಪೂರ್ತಿ ಬಿಡಿಸೋಣ.

ಇಪ್ಪತ್ತು ಜನ, ಇಪ್ಪತ್ತು ತಿಂಗಳು, ತಲೆಗೆ 5,000. ಒಂದು ಲಕ್ಷದ ಚೀಟಿ. ಮೊದಲ ತಿಂಗಳೇ ದುಡ್ಡು ಬೇಕಾದವರು 30,000 ಬಿಟ್ಟುಕೊಟ್ಟು ಕೂಗಿದರು, 70,000 ಪಡೆದರು. ಬಿಟ್ಟುಕೊಟ್ಟ 30,000ದಲ್ಲಿ ಚೀಟಿ ನಡೆಸುವವರ ಕಮಿಷನ್ ಲಕ್ಷಕ್ಕೆ ಶೇ 5, ಅಂದರೆ 5,000. ಉಳಿದ 25,000 ಇಪ್ಪತ್ತು ಜನಕ್ಕೆ ಹಂಚಿದರೆ ತಲೆಗೆ 1,250. ಆ ತಿಂಗಳು ಎಲ್ಲರೂ 5,000ದ ಬದಲು 3,750 ಕಟ್ಟುತ್ತಾರೆ. ತಿಂಗಳು ಕಳೆದಂತೆ ಕೂಗು ಇಳಿಯುತ್ತದೆ, ಹಂಚಿಕೆಯೂ ಇಳಿಯುತ್ತದೆ. ಕೊನೆಯ ತಿಂಗಳು ಹಂಚಲು ಏನೂ ಇರುವುದಿಲ್ಲ. ಹಂಚಿಕೆ ಸಮವಾಗಿ ಇಳಿಯುತ್ತ ಬಂದಿತು ಎಂದುಕೊಂಡರೆ ಒಬ್ಬೊಬ್ಬರು ಒಟ್ಟು ಕಟ್ಟುವುದು 87,500.

ಮೊದಲ ತಿಂಗಳು ಎತ್ತಿದವರು 70,000 ಪಡೆದು 87,500 ಕಟ್ಟಿದರು. ವರ್ಷದ ಅಳತೆಗೆ ತಂದರೆ ಸುಮಾರು ಶೇ 28. ಕೊನೆಯವರೆಗೆ ಕಾದವರು 87,500 ಕಟ್ಟಿ ಕಮಿಷನ್ ಕಳೆದು 95,000 ಪಡೆದರು. ಅವರಿಗೆ ಸಿಕ್ಕಿದ್ದು ವರ್ಷಕ್ಕೆ ಶೇ 11ರ ಹತ್ತಿರ. ಈಗ ಹೋಲಿಸಬಹುದು. ಮೂರು ರೂಪಾಯಿ ಕೈಸಾಲಕ್ಕಿಂತ ಮೊದಲ ಚೀಟಿ ಎತ್ತುವುದು ಅಗ್ಗ. ಮನೆಯಲ್ಲಿ ಒಡವೆ ಇದ್ದು ಬ್ಯಾಂಕಿನಲ್ಲಿ ಅಡವಿಡಲು ಆಗುವುದಾದರೆ ಚೀಟಿ ಎತ್ತುವುದು ತುಂಬ ದುಬಾರಿ. ಕೊನೆಯವರೆಗೆ ಕಾಯುವವರಿಗೆ ಬರುವ ಶೇ 11 ಬ್ಯಾಂಕ್ ಠೇವಣಿಗಿಂತ ಹೆಚ್ಚು ನಿಜ, ಆದರೆ ಮೊದಲು ಎತ್ತಿದವರೆಲ್ಲ ಕೊನೆಯವರೆಗೆ ಕಟ್ಟಿದರೆ ಮಾತ್ರ ಅದು ಕೈಗೆ ಬರುತ್ತದೆ. ಚೀಟಿ ನಡೆಸುವವರು ಊರು ಬಿಟ್ಟರೆ ಮೊದಲು ಮುಳುಗುವುದು ಕೊನೆಗೆ ಕಾದವರ ಹಣ.

ಅದಕ್ಕಾಗಿಯೇ 1982ರ ಚಿಟ್ ಫಂಡ್ ಕಾಯ್ದೆ ಇದೆ. ನೋಂದಾಯಿತ ಚೀಟಿ ನಡೆಸುವವರು ಭದ್ರತೆಯ ಠೇವಣಿ ಇಟ್ಟು, ಚೀಟಿಗಳ ರಿಜಿಸ್ಟ್ರಾರ್ ಅವರಿಂದ ಒಂದೊಂದು ಚೀಟಿಗೂ ಅನುಮತಿ ಪಡೆಯಬೇಕು. ಕಮಿಷನ್ನಿಗೆ ಮಿತಿ ಇದೆ. 2019ರ ತಿದ್ದುಪಡಿ ಅದನ್ನು ಶೇ 5ರಿಂದ 7ಕ್ಕೆ ಏರಿಸಿತು. ನಮ್ಮ ರಾಜ್ಯ ಸರ್ಕಾರದ ಎಂಎಸ್‌ಐಎಲ್ ಸಂಸ್ಥೆ ಕೂಡ ಚೀಟಿ ನಡೆಸುತ್ತದೆ. ಬೀದಿಯಲ್ಲಿ, ಆಫೀಸಿನಲ್ಲಿ ಪರಿಚಯದವರು ನಡೆಸುವ ಚೀಟಿಗೆ ಸೇರುವುದೇ ಆದರೆ, ಮುಳುಗಿದರೂ ಮನೆ ನಡೆಯುವಷ್ಟು ಸಣ್ಣ ಮೊತ್ತಕ್ಕೆ ಸೇರಿ. ಎರಡು ಮೂರು ಚೀಟಿ ಒಬ್ಬರ ಹತ್ತಿರವೇ ಹಾಕಬೇಡಿ.

ಒಡವೆ

ಕಷ್ಟಕ್ಕೆ ಆಗುವುದು ಒಡವೆ ಎಂಬ ನಮ್ಮ ಮನೆಗಳ ನಂಬಿಕೆ ಸಾಲದ ಮಟ್ಟಿಗೆ ಸರಿಯಾದದ್ದೇ. ಬ್ಯಾಂಕಿನಲ್ಲಿ ಒಡವೆ ಸಾಲದ ಬಡ್ಡಿ ವರ್ಷಕ್ಕೆ ಸಾಮಾನ್ಯವಾಗಿ ಶೇ 9-10ರ ಆಸುಪಾಸು. ಕೆಲವು ಖಾಸಗಿ ಕಂಪನಿಗಳ ಯೋಜನೆಗಳಲ್ಲಿ ಶೇ 20 ದಾಟುವುದೂ ಇದೆ. ಆದ್ದರಿಂದ ರಸ್ತೆಯಲ್ಲಿ ಮೊದಲು ಕಂಡ ಬೋರ್ಡಿನ ಕೆಳಗೆ ಹೋಗುವ ಮುನ್ನ ನಿಮ್ಮ ಉಳಿತಾಯ ಖಾತೆ ಇರುವ ಬ್ಯಾಂಕಿನಲ್ಲಿ ಕೇಳಿ. ಗ್ರಾಮ್‌ಗೆ ಹೆಚ್ಚು ಕೊಡುತ್ತೇವೆ ಎಂಬ ಜಾಹೀರಾತಿಗೆ ಮಾರುಹೋಗಬೇಡಿ. ಬೇಕಾದದ್ದು ಐವತ್ತು ಸಾವಿರವಾದರೆ ಐವತ್ತೇ ತೆಗೆದುಕೊಳ್ಳಿ. ವರ್ಷದ ಕೊನೆಗೆ ಬಡ್ಡಿ ಮಾತ್ರ ಕಟ್ಟಿ ಮತ್ತೆ ಅಡವಿಡುವ ಅಭ್ಯಾಸದಿಂದಲೇ ಎಷ್ಟೋ ಮನೆಗಳ ತಾಳಿ ಸರ, ಬಳೆ ಹರಾಜಿಗೆ ಹೋಗಿವೆ. ತಿಂಗಳಿಗೆ ಎರಡು ಸಾವಿರವಾದರೂ ಸರಿ, ಅಸಲಿಗೆ ಕಟ್ಟುತ್ತ ಬರಬೇಕು. ಅದಕ್ಕೆ ಅವಕಾಶ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ. ರಿಸರ್ವ್ ಬ್ಯಾಂಕ್ 2025ರಲ್ಲಿ ಹೊರಡಿಸಿದ, 2026ರ ಏಪ್ರಿಲ್ 1ರಿಂದ ಎಲ್ಲರೂ ಪಾಲಿಸಬೇಕಾದ ನಿಯಮದ ಪ್ರಕಾರ, ಸಾಲ ತೀರಿಸಿದ ಏಳು ಕೆಲಸದ ದಿನಗಳೊಳಗೆ ಒಡವೆ ವಾಪಸ್ ಕೊಡಬೇಕು. ತಪ್ಪು ಅವರದಾಗಿ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ.

ಉಳಿತಾಯ ಎಂದು ಒಡವೆ ಮಾಡಿಸುವ ವಿಷಯ ಬೇರೆ. ಒಂದು ಲಕ್ಷದ ಚಿನ್ನಕ್ಕೆ ಶೇ 12 ಮಜೂರಿ ಮತ್ತು ವೇಸ್ಟೇಜ್, ಅದೆಲ್ಲದರ ಮೇಲೆ ಶೇ 3 ಜಿಎಸ್‌ಟಿ ಸೇರಿದರೆ ಬಿಲ್ಲು 1,15,360. ಮಾರನೆಯ ದಿನ ಮಾರಲು ಹೋದರೆ ಸಿಗುವುದು ಹೆಚ್ಚೆಂದರೆ ಚಿನ್ನದ ಬೆಲೆ. ಚಿನ್ನದ ದರ ಶೇ 15ರಷ್ಟು ಏರಿದ ಮೇಲಷ್ಟೇ ನಿಮ್ಮ ಅಸಲು ಹುಟ್ಟುತ್ತದೆ. ತೊಡಲು ಮಾಡಿಸುವುದು ಸಂತೋಷದ ಖರ್ಚು, ಅದಕ್ಕೆ ಲೆಕ್ಕ ಬೇಡ. ಕೂಡಿಡಲು ಆದರೆ ಮಜೂರಿ ಕಡಿಮೆ ಇರುವ ನಾಣ್ಯವೋ ಗೋಲ್ಡ್ ಇಟಿಎಫ್ಫೋ ವಾಸಿ. ಯಾವುದೇ ಆಭರಣ ಕೊಂಡರೂ ಹಾಲ್‌ಮಾರ್ಕಿನ ಜೊತೆಗೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಗುರುತು ಇದೆಯೇ ಎಂದು ನೋಡಿ, ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಹಾಕಿ ಪರೀಕ್ಷಿಸಿ.

ಕೂಡಿಡುವಾಗಲೂ ಇದೇ ಅಳತೆ

ವರ್ಷಕ್ಕೆ 50,000ದಂತೆ ಇಪ್ಪತ್ತು ವರ್ಷ ಪ್ರೀಮಿಯಂ ಕಟ್ಟಿದರೆ ಕೊನೆಗೆ 18 ಲಕ್ಷ ಬರುತ್ತದೆ ಎಂಬ ಪಾಲಿಸಿಯನ್ನು ತೆಗೆದುಕೊಳ್ಳಿ. ಕಟ್ಟಿದ್ದು 10 ಲಕ್ಷ, ಬಂದದ್ದು 18 ಲಕ್ಷ. ದೊಡ್ಡ ಲಾಭದಂತೆ ಕಾಣುತ್ತದೆ. ವರ್ಷದ ಅಳತೆಗೆ ತಂದರೆ ಅದು ಶೇ 5.3. ಅಷ್ಟೇ ಹಣವನ್ನು ವರ್ಷದ ಮೊದಲಿಗೆ ಅಂಚೆ ಕಚೇರಿಯ ಪಿಪಿಎಫ್ ಖಾತೆಗೆ ಹಾಕುತ್ತ ಬಂದು, ಹದಿನೈದು ವರ್ಷದ ಅವಧಿಯನ್ನು ಇನ್ನೈದು ವರ್ಷ ಮುಂದುವರಿಸಿದರೆ, 2020ರ ಏಪ್ರಿಲ್‌ನಿಂದ ಬಂದಿರುವ ಶೇ 7.1ರ ದರವೇ ಉಳಿಯಿತು ಎಂದುಕೊಂಡರೆ ಸುಮಾರು 22 ಲಕ್ಷ. ನಾಲ್ಕು ಲಕ್ಷದ ವ್ಯತ್ಯಾಸ. ಪಾಲಿಸಿಯಲ್ಲಿ ಜೀವ ವಿಮೆ ಇದೆಯಲ್ಲ ಎನ್ನಬಹುದು. ಆದರೆ ವರ್ಷಕ್ಕೆ ಅರ್ಧ ಲಕ್ಷ ಕಟ್ಟಿದರೂ ಇಂಥ ಪಾಲಿಸಿಯಲ್ಲಿ ಸಿಗುವ ವಿಮೆ ಸಾಮಾನ್ಯವಾಗಿ ಕೆಲವೇ ಲಕ್ಷ. ದುಡಿಯುವ ಒಬ್ಬರೇ ಇರುವ ಮನೆಗೆ ಅದು ಎಷ್ಟು ದಿನಕ್ಕೆ ಸಾಕು? ವಿಮೆಗೆ ಬೇರೆ ಟರ್ಮ್ ಪಾಲಿಸಿ, ಉಳಿತಾಯಕ್ಕೆ ಬೇರೆ ಖಾತೆ ಎಂದು ಎರಡನ್ನೂ ಬೇರೆ ಮಾಡಿದರೆ ಎರಡೂ ಸರಿಯಾಗಿ ಆಗುತ್ತವೆ. ಇದು ನನ್ನ ಗಟ್ಟಿ ಅಭಿಪ್ರಾಯ.

ಬಡ್ಡಿ ಹೆಚ್ಚು ಎಂದ ಕಡೆ ಠೇವಣಿ ಇಡುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು: ಠೇವಣಿ ವಿಮೆ ಇದೆಯೇ? ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳೂ ಸೇರಿ, ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ಡಿಐಸಿಜಿಸಿ ವಿಮೆ ಇದೆ. 2020ರ ಫೆಬ್ರುವರಿಗೆ ಮೊದಲು ಅದು ಒಂದೇ ಲಕ್ಷ ಇತ್ತು. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳ ಠೇವಣಿಗೆ ಈ ವಿಮೆ ಇಲ್ಲ. ಫಲಕದ ಅಕ್ಷರ, ಕೌಂಟರು, ಪಾಸ್‌ಬುಕ್ಕು ಎಲ್ಲ ಬ್ಯಾಂಕಿನಂತೆಯೇ ಇರುವುದರಿಂದ ಹಿರಿಯರು ವ್ಯತ್ಯಾಸ ಗುರುತಿಸದೆ ನಿವೃತ್ತಿಯ ಇಡೀ ಹಣವನ್ನು ಅಲ್ಲಿಡುತ್ತಾರೆ. ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಒಬ್ಬರಿಗೆ 35,000 ರೂಪಾಯಿ ಮಾತ್ರ ತೆಗೆಯಲು ಬಿಟ್ಟಾಗ ಎಷ್ಟು ಹಿರಿಯರು ಕಂಗಾಲಾದರು ಎಂಬುದನ್ನು ನಗರ ಕಂಡಿದೆ. ಅಲ್ಲಿ ವಿಮೆಯಾದರೂ ಇತ್ತು. ಅರವತ್ತು ದಾಟಿದವರಿಗೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ, 30 ಲಕ್ಷದವರೆಗೆ ಇಡಬಹುದು, ಸರ್ಕಾರದ ಖಾತರಿ ಇದೆ. ಒಂದೆರಡು ಶೇಕಡಾ ಹೆಚ್ಚಿನ ಬಡ್ಡಿಗಾಗಿ ಆ ಖಾತರಿಯನ್ನು ಬಿಡಬೇಡಿ.

ತಿಂಗಳಿಗೆ ಶೇ 3 ಲಾಭ ಕೊಡುತ್ತೇವೆ ಎಂದು ಬರುವವರನ್ನೂ ಇದೇ ಅಳತೆಯಲ್ಲಿ ಅಳೆಯಿರಿ. ಅದು ವರ್ಷಕ್ಕೆ ಶೇ 36. ಅಷ್ಟು ದುಡಿಸಬಲ್ಲವರಿಗೆ ಬ್ಯಾಂಕು ಶೇ 12ಕ್ಕೆ ಸಾಲ ಕೊಡುತ್ತಿರುವಾಗ, ಅವರು ನಿಮ್ಮ ಮನೆ ಬಾಗಿಲಿಗೆ ಏಕೆ ಬರಬೇಕು? 2019ರಲ್ಲಿ ಬೆಂಗಳೂರಿನ ಐಎಂಎ ಎಂಬ ಹೂಡಿಕೆ ಕಂಪನಿ ಕುಸಿದಾಗ ಈ ಪ್ರಶ್ನೆಗೆ ಉತ್ತರ ಸಿಕ್ಕಿತು. ಅಷ್ಟು ಹೊತ್ತಿಗೆ ಸಾವಿರಾರು ಕುಟುಂಬಗಳ ಹಣ ಹೋಗಿತ್ತು.

ಯಾವುದು ಮೊದಲು

ಇಷ್ಟು ಲೆಕ್ಕ ಆದ ಮೇಲೆ ಮನೆಯ ಎಲ್ಲ ಸಾಲವನ್ನೂ ಒಂದು ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ವರ್ಷದ ದರ ಹಾಕಿ. ಕಾರ್ಡು 42, ಕೈಸಾಲ 24 ಅಥವಾ 36, ಗಾಡಿ ಫೈನಾನ್ಸ್ 21, ಒಡವೆ 10, ಮನೆ ಸಾಲ 8.5. ಕೈಗೆ ಬಂದ ಬೋನಸ್ಸೋ ಅಡಿಕೆ ದುಡ್ಡೋ ಮೇಲಿನಿಂದ ಕೆಳಗೆ ಹೋಗಬೇಕು. ಬ್ಯಾಂಕಿನಲ್ಲಿ ಶೇ 7ರ ಠೇವಣಿ ಇಟ್ಟುಕೊಂಡು ಶೇ 36ರ ಸಾಲ ಸಾಕುವ ಮನೆಗಳು ಬಹಳ ಇವೆ. ಠೇವಣಿ ಮುರಿಯಲು ಮನಸ್ಸು ಬರುವುದಿಲ್ಲ, ನಿಜ. ಆದರೂ ಮುರಿಯಿರಿ. ಹೊಲ ಇದ್ದವರು ಸಹಕಾರ ಸಂಘದ ಸೊನ್ನೆ ಬಡ್ಡಿಯ ಬೆಳೆ ಸಾಲದ ಗಡುವನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬಾರದು. ಗಡುವು ದಾಟಿದರೆ ಬಡ್ಡಿ ರಿಯಾಯಿತಿ ಹೋಗುತ್ತದೆ.

ಮನೆ ಸಾಲದ ಬಗ್ಗೆ ಇಷ್ಟು: 30 ಲಕ್ಷ, ಇಪ್ಪತ್ತು ವರ್ಷ, ಶೇ 8.5 ಆದರೆ ಕಂತು ಸುಮಾರು 26,035. ಮೊದಲ ಕಂತಿನಲ್ಲಿ 21,250 ಬಡ್ಡಿಗೇ ಹೋಗುತ್ತದೆ. ವರ್ಷಕ್ಕೆ ಒಂದು ಕಂತಿನಷ್ಟು ಹೆಚ್ಚಿಗೆ ಕಟ್ಟುತ್ತ ಬಂದರೆ ಸಾಲ ಅವಧಿಗಿಂತ ಮೂರು ವರ್ಷಕ್ಕೂ ಹೆಚ್ಚು ಮುಂಚೆಯೇ ಮುಗಿಯುತ್ತದೆ. ಬದಲಾಗುವ ದರದ ಮನೆ ಸಾಲಕ್ಕೆ ಮುಂಚಿತ ಪಾವತಿಯ ದಂಡ ಹಾಕುವಂತಿಲ್ಲ. ಬಡ್ಡಿ ಏರಿದಾಗ ಅವಧಿ ಹೆಚ್ಚಿಸಬೇಕೋ ಕಂತು ಹೆಚ್ಚಿಸಬೇಕೋ ಎಂದು ಆಯ್ಕೆ ಮಾಡುವ ಹಕ್ಕೂ 2023ರಿಂದ ನಿಮಗಿದೆ.

ಮತ್ತೆ ಕೈಸಾಲಕ್ಕೆ ಹೋಗದಂತೆ ಕಾಯುವುದು ಮೂರು ತಿಂಗಳ ಮನೆ ಖರ್ಚಿನಷ್ಟು ಬೇರೆ ತೆಗೆದಿಟ್ಟ ಹಣ. ಒಮ್ಮೆಗೇ ಕೂಡಿಸಲು ಯಾರಿಗೂ ಆಗುವುದಿಲ್ಲ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಯೋಜನೆ ಶುರು ಮಾಡಿ, ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆ ವಸೂಲು ಮಾಡಿದ್ದು ಇದೇ ತಿಳಿವಳಿಕೆಯಿಂದ. ದಿನದ ವ್ಯಾಪಾರ ಇರುವವರಿಗೆ ಪಿಗ್ಮಿ ಇಂದಿಗೂ ಸರಿ; ಬಡ್ಡಿ ಕಡಿಮೆ, ಮಧ್ಯದಲ್ಲಿ ಮುರಿದರೆ ಕಡಿತ ಇರುತ್ತದೆ ಎಂಬುದು ತಿಳಿದಿರಲಿ. ತಿಂಗಳ ವರಮಾನದವರಿಗೆ ಅಂಚೆ ಕಚೇರಿಯ ಆರ್‌ಡಿ. ತಿಂಗಳಿಗೆ 1,000ದಂತೆ ಐದು ವರ್ಷ, ಶೇ 6.7ರ ದರದಲ್ಲಿ ಸುಮಾರು 71,366 ರೂಪಾಯಿ ಆಗುತ್ತದೆ. ಗೃಹಲಕ್ಷ್ಮಿಯ ಎರಡು ಸಾವಿರದಲ್ಲಿ ಅರ್ಧ ಹೀಗೆ ಉಳಿಸಬಲ್ಲ ಮನೆಯಲ್ಲಿ ಆ ಪಾಸ್‌ಬುಕ್ ಹೆಂಗಸರ ಹೆಸರಿನಲ್ಲೇ ಇರಲಿ.

ಅದರ ಜೊತೆಗೆ ಎರಡು ಸಣ್ಣ ವಿಮೆ. ಬ್ಯಾಂಕ್ ಖಾತೆ ಇರುವ 18ರಿಂದ 70 ವರ್ಷದವರಿಗೆ ವರ್ಷಕ್ಕೆ 20 ರೂಪಾಯಿಗೆ ಎರಡು ಲಕ್ಷದ ಅಪಘಾತ ವಿಮೆ, ಅದು ಸುರಕ್ಷಾ ಬಿಮಾ. 18ರಿಂದ 50ರೊಳಗೆ ಸೇರಿದವರಿಗೆ 436 ರೂಪಾಯಿಗೆ ಎರಡು ಲಕ್ಷದ ಜೀವ ವಿಮೆ, ಅದು ಜೀವನ ಜ್ಯೋತಿ. ಎರಡರ ವರ್ಷವೂ ಜೂನ್ 1ಕ್ಕೆ ಶುರು. ಮೇ ಕೊನೆಯ ವಾರದಲ್ಲಿ ಖಾತೆಯಲ್ಲಿ ದುಡ್ಡು ಇಲ್ಲದಿದ್ದರೆ ವಿಮೆ ನಿಲ್ಲುತ್ತದೆ. ಮನೆಯ ಇನ್ನೊಬ್ಬರಿಗೂ ಇವು ಇವೆ ಎಂಬುದು ಗೊತ್ತಿರಬೇಕು. ಗೊತ್ತಿಲ್ಲದೆ ಕ್ಲೇಮು ಹಾಕದೇ ಬಿಟ್ಟರೆ ಕಟ್ಟಿಯೂ ಪ್ರಯೋಜನವಿಲ್ಲ.

ವಸೂಲಿಗೆ ಬಂದವರು ಬೆದರಿಸಿದರೆ ಸುಮ್ಮನಿರಬೇಡಿ. ಸಣ್ಣ ಸಾಲದ ಕಿರುಕುಳದ ವಿರುದ್ಧ ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ. ಮೈಕ್ರೋಫೈನಾನ್ಸ್ ವಸೂಲಿಯವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಬರುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ಬ್ಯಾಂಕು ಅಥವಾ ಫೈನಾನ್ಸ್ ಕಂಪನಿ ಹೇಳದ ಶುಲ್ಕ ಹಿಡಿದರೆ ಮೊದಲು ಅವರಿಗೇ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಮೂವತ್ತು ದಿನದೊಳಗೆ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಅದಕ್ಕೆ ಶುಲ್ಕ ಇಲ್ಲ, ವಕೀಲರು ಬೇಡ. ಹೇಗೆಂದು ತಿಳಿಯಲು 14448ಕ್ಕೆ ಕರೆ ಮಾಡಿ.